ಅಪಘಾತವಾದವರ ಕೈಗೆ ಆ ಕಾಗದ ಕೊಡಿಸಿ: ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಗದಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳು

ಪ್ರತಿ: ಮೂರೂ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳು ಹಾಗೂ ಹುಬ್ಬಳ್ಳಿ-ಧಾರವಾಡ ಪೊಲೀಸ್ ಆಯುಕ್ತರು

ವಿಷಯ: ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮತ್ತು ತೀರಿಕೊಂಡವರ ಮನೆಯವರಿಗೆ ಕಾನೂನಿನ ಪ್ರಕಾರ ಸಿಗಬೇಕಾದ ಮಾಹಿತಿ ಸಿಗದೇ ಇರುವ ಬಗ್ಗೆ.

ಮಾನ್ಯರೇ,

ಗದಗದಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಟೈಪಿಂಗ್, ಆನ್‌ಲೈನ್ ಅರ್ಜಿ ಕೆಲಸವನ್ನೂ ಮಾಡುತ್ತೇನೆ. ನಾನು ವಕೀಲನಲ್ಲ. ಆದರೆ ರೋಣ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಅಪಘಾತದ ಪರಿಹಾರಕ್ಕೆ ಕೇಸು ಹಾಕಲು ಬರುವವರ ಕಾಗದಗಳು ನನ್ನ ಮಷಿನ್ ಮೇಲೆ ಹಾದು ಹೋಗುತ್ತವೆ. ಎಫ್‌ಐಆರ್, ಪಂಚನಾಮೆ, ಜಾಗದ ನಕ್ಷೆ, ಗಾಡಿ ತಪಾಸಣೆಯ ಐಎಂವಿ ರಿಪೋರ್ಟ್, ವೂಂಡ್ ಸರ್ಟಿಫಿಕೇಟ್, ಆಸ್ಪತ್ರೆ ಬಿಲ್ಲು, ಔಷಧ ಅಂಗಡಿಯ ಅಕ್ಷರ ಮಾಸಿದ ಚೀಟಿಗಳು, ಸಾವಾಗಿದ್ದರೆ ವಂಶವೃಕ್ಷ. ಆ ಕಟ್ಟು ನೋಡಿದರೆ ಏನಿದೆ, ಏನಿಲ್ಲ ಅಂತ ಹೇಳುವಷ್ಟು ರೂಢಿಯಾಗಿದೆ.

ಇರಲೇಬೇಕಾದ ಒಂದು ಕಾಗದವನ್ನು ಮಾತ್ರ ನಾನು ಯಾರ ಕಟ್ಟಿನಲ್ಲೂ ಕಂಡಿಲ್ಲ. ಅದಕ್ಕೇ ಈ ಪತ್ರ.

2022ರ ಏಪ್ರಿಲ್ 1ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಒಂದು ಹೊಸ ಪದ್ಧತಿ ಜಾರಿಯಲ್ಲಿದೆ. ಅಪಘಾತವಾದ 48 ಗಂಟೆಯೊಳಗೆ ತನಿಖಾಧಿಕಾರಿ ಮೊದಲ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು. 10 ದಿನದೊಳಗೆ ಗಾಯಾಳುವಿಗೆ, ಇಲ್ಲವೇ ತೀರಿಕೊಂಡವರ ವಾರಸುದಾರರಿಗೆ, ಅವರ ಹಕ್ಕುಗಳೇನು ಅಂತ ಬರೆದ 'ನಮೂನೆ 2' ಕೊಡಬೇಕು. 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ಪೂರ್ತಿ ವರದಿ ಹೋಗಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇದನ್ನು ಚಾಚೂ ತಪ್ಪದೆ ಮಾಡಿ, ಇದಕ್ಕಾಗಿಯೇ ಪೊಲೀಸರಲ್ಲಿ ಬೇರೆ ಘಟಕ ಮಾಡಿ ಅಂತ ಎಲ್ಲಾ ರಾಜ್ಯಗಳಿಗೂ ಹೇಳಿತು.

ನಾನು ಕಾಣದೇ ಇರುವುದು ಆ ನಮೂನೆ 2. ಕೇಸು ಹಾಕಲು ಬಂದವರನ್ನು "ಠಾಣೆದಾಗ ನಿಮ್ಮ ಹಕ್ಕಿನ ಬಗ್ಗೆ ಒಂದು ಕಾಗದ ಕೊಟ್ರೇನ್ರಿ?" ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಒಂದು ಠಾಣೆಯಲ್ಲಿ ಬರಹಗಾರರನ್ನು ನಾನೇ ಕೇಳಿದೆ. "ಅದೆಲ್ಲಾ ಕಂಪ್ಯೂಟರ್‌ದಾಗ ಅಪ್‌ಲೋಡ್ ಆಗತೈತ್ರಿ" ಅಂದರು. ಆಗುತ್ತಿರಬಹುದು. ಆದರೆ ಕಾಲು ಮುರಿದುಕೊಂಡು ಮಲಗಿದವನ ಮನೆಗೆ ಅದು ಬಂದಿಲ್ಲ. ಆ ಠಾಣೆ ಯಾವುದು ಅಂತ ಹೇಳುವುದಿಲ್ಲ, ಅಲ್ಲಿನವರ ಮೇಲೆ ನನಗೆ ದ್ವೇಷವಿಲ್ಲ. ಬಂದೋಬಸ್ತು, ಜಾತ್ರೆ, ಚುನಾವಣೆ, ಎಲ್ಲಕ್ಕೂ ಅದೇ ನಾಲ್ಕು ಜನ ಓಡಾಡುವುದನ್ನು ನಾವೂ ನೋಡುತ್ತೇವೆ.

ಒಂದು ಕಾಗದ ಸಿಗದಿದ್ದರೆ ಏನು ಮಹಾ ಅಂತ ತಮಗೆ ಅನಿಸಬಹುದು. ಏನಾಗುತ್ತದೆ ಅಂತ ಹೇಳುತ್ತೇನೆ.

ಒಬ್ಬ ಗೌಂಡಿ. ವಯಸ್ಸು 38. ಬೈಕಿನಲ್ಲಿ ಕೆಲಸಕ್ಕೆ ಹೋಗುವಾಗ ಕಾರು ಬಡಿದು ಬಲಗಾಲು ಮುರಿಯಿತು. ಒಳಗೆ ರಾಡ್ ಹಾಕಿದ್ದಾರೆ. ಕಾರಿನವರು ಊರ ಹಿರಿಯರನ್ನು ಕರೆದುಕೊಂಡು ಆಸ್ಪತ್ರೆಗೇ ಬಂದರು. "ಕೇಸು ಗೀಸು ಬ್ಯಾಡ, ಊರಾಗ ಬಗಿಹರಿಸೋಣು" ಅಂತ ಹೇಳಿ 30 ಸಾವಿರ ಕೊಟ್ಟು, ನೂರು ರೂಪಾಯಿ ಬಾಂಡಿನ ಮೇಲೆ ರಾಜಿ ಪತ್ರ ಬರೆಸಿಕೊಂಡರು. ಮುಂದೆ ಆ ಬಾಂಡಿನ ಜೆರಾಕ್ಸ್‌ಗೆ ಅವನ ಹೆಂಡತಿ ನನ್ನ ಅಂಗಡಿಗೆ ಬಂದಳು. ಎಫ್‌ಐಆರ್ ಆಗಿರಲಿಲ್ಲ. ಕಾರಿಗೆ ಇನ್ಶೂರೆನ್ಸ್ ಚಾಲ್ತಿಯಲ್ಲೇ ಇತ್ತು! ಪರಿಹಾರ ಕೊಡಬೇಕಾಗಿದ್ದದ್ದು ಕಂಪನಿ, ಕಾರಿನವನ ಕಿಸೆಯಿಂದ ಒಂದು ಪೈಸೆ ಹೋಗುತ್ತಿರಲಿಲ್ಲ. ಅದು ಅವನಿಗೂ ಗೊತ್ತಿರಲಿಲ್ಲ, ಇವನಿಗೂ ಗೊತ್ತಿರಲಿಲ್ಲ, ನಡುವೆ ಕೂತ ಹಿರಿಯರಿಗಂತೂ ಮೊದಲೇ ಗೊತ್ತಿರಲಿಲ್ಲ.

ಲೆಕ್ಕ ಹಾಕಿ ನೋಡೋಣ. ಗೌಂಡಿಯ ತಿಂಗಳ ಆದಾಯ ಕಡಿಮೆ ಅಂದರೂ 12 ಸಾವಿರ ಅಂತ ಹಿಡಿಯಿರಿ. 36ರಿಂದ 40 ವಯಸ್ಸಿನವರಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ಗೊತ್ತು ಮಾಡಿದ ಗುಣಕ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆ, 15. ದುಡಿಯುವ ಶಕ್ತಿಯಲ್ಲಿ ಶೇ 20 ಹೋಯಿತು ಅಂದರೆ, 12 ಸಾವಿರವನ್ನು 12 ತಿಂಗಳಿಂದ, 15ರಿಂದ ಗುಣಿಸಿ, ಅದರ ಶೇ 20 ಎಷ್ಟು ಅಂತ ನೋಡಬೇಕು. 4 ಲಕ್ಷ 32 ಸಾವಿರ ಬರುತ್ತದೆ. ಆಸ್ಪತ್ರೆ ಖರ್ಚು, ಕೆಲಸಕ್ಕೆ ಹೋಗದ ತಿಂಗಳುಗಳ ಕೂಲಿ, ನೋವಿನ ಪರಿಹಾರ, ಇವೆಲ್ಲ ಬೇರೆ. ಅಷ್ಟೇ ಅಲ್ಲ. ಡಾಕ್ಟರು ಬರೆದ ಶೇಕಡಾವಾರು ಒಂದನ್ನೇ ನೋಡಬಾರದು, ಆ ಗಾಯದಿಂದ ಆ ಮನುಷ್ಯನ ಕಸುಬಿಗೆ ಎಷ್ಟು ಪೆಟ್ಟಾಗಿದೆ ಅಂತ ನೋಡಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನಿಗೂ ಸಾರವೆ ಹತ್ತುವ ಗೌಂಡಿಗೂ ಕಾಲಿನ ಬೆಲೆ ಒಂದೇ ಅಲ್ಲವಲ್ಲ. ಇಂಥದ್ದೆಲ್ಲ ಇದ್ದೂ 30 ಸಾವಿರಕ್ಕೆ ಕೈ ತೊಳೆದುಕೊಂಡ.

ಕೇಸು ಹಾಕಲು ಈಗ ಆರು ತಿಂಗಳ ಗಡುವೂ ಇದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದಿವೆ. ತಡವಾಯಿತು ಅನ್ನುವ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಆದರೆ ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಪೊಲೀಸರು ಕಳಿಸುವ ಅಪಘಾತ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಅಂತ ತೆಗೆದುಕೊಳ್ಳಬೇಕು ಅಂತ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಹೇಳುತ್ತದೆ. ಅಂದರೆ ವರದಿ ಹೊತ್ತಿಗೆ ಸರಿಯಾಗಿ ಪೂರ್ತಿಯಾಗಿ ಹೋದರೆ ಬಡವ ಕೋರ್ಟಿನ ಬಾಗಿಲು ಹುಡುಕಿಕೊಂಡು ಅಲೆಯಬೇಕಾದ್ದೇ ಇಲ್ಲ. ನನ್ನ ಅಂಗಡಿ ವ್ಯಾಪಾರ ಕಡಿಮೆಯಾಗುತ್ತದೆ, ಆಗಲಿ ಬಿಡಿ.

ಕಾಗದ ಸಿಗದ ಜಾಗಕ್ಕೆ ಯಾರು ಬರುತ್ತಾರೆ ಅಂತ ತಮಗೂ ಗೊತ್ತು. ಏಜೆಂಟರು. ವಾರ್ಡಿನಲ್ಲಿ ಸಲೈನ್ ಹತ್ತಿಸುವ ಹೊತ್ತಿಗೆ ಬಂದು ನಿಂತಿರುತ್ತಾರೆ. ವಕೀಲರನ್ನು ನೇಮಿಸುವ ಕಾಗದವಾದ ವಕಾಲತ್ತಿಗೆ, ಅದೂ ಖಾಲಿ ಇರುವಾಗಲೇ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. "ನೀವು ಒಂದು ರೂಪಾಯಿನೂ ಕೊಡಬ್ಯಾಡ್ರಿ, ಬಂದದ್ದರಾಗ ನಮ್ಮ ಪಾಲು ಕೊಡ್ರಿ" ಅಂತ ಮಾತಾಡುತ್ತಾರೆ. ಬಂದ ಪರಿಹಾರದಲ್ಲಿ ಪಾಲು ಕೇಳಬಾರದು ಅಂತ ವಕೀಲರಿಗೆ ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ನಮ್ಮ ಕೋರ್ಟಿನಲ್ಲಿ ಫೀ ಕೇಳದೆ ಕೇಸು ನಡೆಸಿಕೊಟ್ಟ ವಕೀಲರನ್ನೂ ನಾನು ಬಲ್ಲೆ, ಅವರಿಗೆ ಕೈ ಮುಗಿಯುತ್ತೇನೆ. ಕಾನೂನು ಸೇವೆಗಳ ಪ್ರಾಧಿಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಆದರೆ ಪ್ರಾಧಿಕಾರದ ಆಫೀಸು ಇರುವುದು ಕೋರ್ಟಿನ ಆವರಣದಲ್ಲಿ, ಏಜೆಂಟ್ ಇರುವುದು ಹಾಸಿಗೆ ಪಕ್ಕದಲ್ಲಿ.

ಇನ್ನು ತಮ್ಮ ಕಚೇರಿಗೇ ನೇರವಾಗಿ ಸೇರಿದ ವಿಷಯ.

ಬಡಿದ ಗಾಡಿ ಯಾವುದು ಅಂತ ಸಿಗದೇ ಹೋದರೆ ಪೊಲೀಸರು ಪತ್ತೆಯಾಗಲಿಲ್ಲ ಅನ್ನುವ 'ಸಿ ರಿಪೋರ್ಟ್' ಹಾಕಿ ಕಡತ ಮುಚ್ಚುತ್ತಾರೆ. ನಾಲ್ಕನೇ ಜಾವಕ್ಕೆ ತರಕಾರಿ ಗಾಡಿ ಹೇರಲು ಹೊರಟ ಹುಡುಗನೊಬ್ಬ ಹೆದ್ದಾರಿಯಲ್ಲಿ ಹೀಗೇ ಸತ್ತ. ಬಡಿದದ್ದು ಲಾರಿಯೋ ಕಂಟೇನರೋ ಯಾರೂ ನೋಡಿಲ್ಲ. ಅವನ ಅಪ್ಪ ರೇಷನ್ ಕಾರ್ಡ್ ಪ್ರತಿ ಮಾಡಿಸಲು ಬಂದಾಗ ಮಾತು ತೆಗೆದೆ. "ಗಾಡೀನ ಸಿಗಲಿಲ್ಲಂದ್ರ ಯಾರನ್ನ ಕೇಳೂದ್ರಿ ಅಣ್ಣಾರ, ಏನೂ ಬರೂದಿಲ್ಲಂತ ಹೇಳ್ಯಾರ" ಅಂದ. ಯಾರು ಹೇಳಿದರು ಅಂದೆ. ಎಲ್ಲಾರೂ, ಅಂದ.

ಎಲ್ಲರೂ ಹೇಳಿದ್ದು ತಪ್ಪು. ಗುರುತು ಸಿಗದ ಗಾಡಿ ಬಡಿದು ಸತ್ತರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ ರೂಪಾಯಿ ಕೊಡುವ ಯೋಜನೆ 2022ರ ಏಪ್ರಿಲ್‌ನಿಂದ ಇದೆ. ಇದಕ್ಕೆ ಕೋರ್ಟು ಬೇಡ, ವಕೀಲರು ಬೇಡ. ಅರ್ಜಿಯನ್ನು ವಿಚಾರಿಸುವವರು ಉಪವಿಭಾಗಾಧಿಕಾರಿ ಇಲ್ಲವೇ ತಹಶೀಲ್ದಾರರು. ಒಂದು ತಿಂಗಳಲ್ಲಿ ಅವರು ವರದಿ ಕೊಡಬೇಕು. 15 ದಿನದಲ್ಲಿ ಮಂಜೂರು ಮಾಡಬೇಕಾದವರು ಜಿಲ್ಲಾಧಿಕಾರಿಗಳು, ಅಂದರೆ ತಾವೇ. ದುಡ್ಡು ತಮ್ಮ ಖಜಾನೆಯಿಂದ ಹೋಗುವುದೂ ಇಲ್ಲ, ವಿಮಾ ಕಂಪನಿಗಳ ಮಂಡಳಿಯಿಂದ ಬರುತ್ತದೆ. ಗಾಡಿ ಸಿಗದಿದ್ದರೆ ಈ ಯೋಜನೆ ಬಗ್ಗೆ ಮನೆಯವರಿಗೆ ಪೊಲೀಸರೇ ಬರೆದು ತಿಳಿಸಬೇಕು ಅಂತ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ದೇಶದಲ್ಲಿ ಇಂಥ ಅಪಘಾತ ಇಷ್ಟೊಂದು ಆಗುವಾಗ ಅರ್ಜಿ ಯಾಕೆ ಇಷ್ಟು ಕಡಿಮೆ ಬರುತ್ತಿವೆ ಅನ್ನುವುದೇ ಆಗ ಕೋರ್ಟಿನ ಚಿಂತೆಯಾಗಿತ್ತು.

ಆ ಅಪ್ಪನ ಅರ್ಜಿ ನಾನೇ ತುಂಬಿಕೊಟ್ಟೆ. ಅದನ್ನು ತೆಗೆದುಕೊಂಡು ಹೋದ ಕಚೇರಿಯಲ್ಲಿ, ಇದು ಯಾವ ಯೋಜನೆ, ಯಾವ ಟೇಬಲ್ಲಿಗೆ ಕೊಡಬೇಕು ಅಂತ ಅಲ್ಲಿದ್ದವರಿಗೇ ಗೊತ್ತಿರಲಿಲ್ಲವಂತೆ.

ಮಾನ್ಯರೇ, ಈಗ ಹೇಳುವುದು ನನಗೆ ಎಲ್ಲಕ್ಕಿಂತ ಸಂಕಟದ ವಿಷಯ. ಇದರಲ್ಲಿ ಪೊಲೀಸರದ್ದೊಂದೇ ತಪ್ಪಿಲ್ಲ. ನಮ್ಮೆಲ್ಲರ ಊರಿನದ್ದೂ ಇದೆ.

ಮೆಣಸಿನಕಾಯಿ ಬಿಡಿಸುವ ಹಂಗಾಮು, ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ಬೆಳಗ್ಗೆ ಯಾವ ಊರ ಅಗಸಿಯಲ್ಲಿ ಬೇಕಾದರೂ ನಿಂತು ನೋಡಿ. ಟ್ರ್ಯಾಕ್ಟರಿನ ಟ್ರೇಲರ್ ತುಂಬಾ ಹೆಣ್ಣಾಳುಗಳು. ಬುತ್ತಿ ಗಂಟು, ನೀರಿನ ಬಾಟಲಿ, ಹಾಲು ಕುಡಿಯುವ ಕೂಸು ಇದ್ದರೆ ಅದೂ ಜೊತೆಗೆ. ಇಬ್ಬರು ಮಡ್‌ಗಾರ್ಡ್ ಮೇಲೆ. ಟ್ರ್ಯಾಕ್ಟರ್ ಇಲ್ಲದಿದ್ದರೆ ಟಾಟಾ ಏಸ್. ದಾರಿಯಲ್ಲಿ ಪೊಲೀಸರೂ ನೋಡುತ್ತಾರೆ, ಆರ್‌ಟಿಒದವರೂ ನೋಡುತ್ತಾರೆ, ಕಾರಿನಲ್ಲಿ ಹೋಗುವ ನಾವೂ ನೋಡುತ್ತೇವೆ. ಬೇರೆ ಗಾಡಿ ಎಲ್ಲಿದೆ, ಹೊಲಕ್ಕೆ ಬಸ್ಸು ಬರುತ್ತದೆಯೇ ಅಂತ ಸುಮ್ನೆ ಇರುತ್ತೇವೆ.

ಹೀಗೆ ಹೋಗುವಾಗ ಕಾಲುವೆ ಏರಿಯ ಮೇಲೆ ಒಂದು ಟ್ರೇಲರ್ ಪಲ್ಟಿಯಾಯಿತು. ಅದರಲ್ಲಿದ್ದ ಒಬ್ಬ ಹೆಣ್ಣುಮಗಳು ವಿಮಾ ಕಂಪನಿಯ ಪತ್ರ ಹಿಡಿದುಕೊಂಡು ನನ್ನಲ್ಲಿಗೆ ಬಂದಳು. ಇಂಗ್ಲಿಷಿನಲ್ಲಿತ್ತು, ಓದಿ ಹೇಳ್ರಿ ಅಂದಳು. ಎಡಗೈ ಮೊಣಕೈ ಹತ್ತಿರ ಸೊಟ್ಟಗೆ ಕೂಡಿತ್ತು. ಪತ್ರ ನಾಲ್ಕೇ ಸಾಲು. ಟ್ರ್ಯಾಕ್ಟರಿನಲ್ಲಿ ಡ್ರೈವರನಿಗೆ ಮಾತ್ರ ಸೀಟು, ಟ್ರೇಲರಿಗೆ ವಿಮೆ ಮಾಡಿಸಿಲ್ಲ, ಅದರಲ್ಲಿ ಜನ ಸಾಗಿಸುವಂತಿಲ್ಲ, ಆದ್ದರಿಂದ ಕಂಪನಿಗೆ ಹೊಣೆಯಿಲ್ಲ. ನಾನು ಓದಿ ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು: "ಅಲ್ರಿ, ಟ್ರ್ಯಾಕ್ಟರಿಗೆ ಇನ್ಶೂರೆನ್ಸ್ ಐತಿ ಅಂದ್ರಲ್ರಿ?"

ಇತ್ತು. ಆಕೆಗೆ ಬರುವಂಥದ್ದಾಗಿರಲಿಲ್ಲ. ಸರಕು ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿ ಇಪ್ಪತ್ತು ವರ್ಷದ ಮೇಲಾಯಿತು. 1994ರ ತಿದ್ದುಪಡಿ ಆದಮೇಲೆ, ಸರಕಿನ ಜೊತೆ ಅದರ ಮಾಲೀಕ ಅಥವಾ ಅವನ ಪರವಾಗಿ ಒಬ್ಬ ಹೋದರೆ ಅವರಿಗೆ ರಕ್ಷಣೆ ಇದೆ. ಅಂದರೆ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲದ ಜೊತೆ ಹೋಗುವ ಚೀಲದ ಮಾಲೀಕನಿಗೆ ವಿಮೆ ಉಂಟು. ಆ ಕಾಯಿ ಬಿಡಿಸಲು ಹೊಲಕ್ಕೆ ಹೋದ ಹೆಂಗಸರಿಗೆ ಇಲ್ಲ. ಅವರು ಟ್ರ್ಯಾಕ್ಟರ್ ಮಾಲೀಕನ ಮೇಲೆ ಕೇಸು ಹಾಕಬಹುದು, ಗೆಲ್ಲಲೂಬಹುದು. ಅವನ ಹತ್ತಿರ ಇರುವುದು ಮೂರೆಕರೆ ಮತ್ತು ಆ ಟ್ರ್ಯಾಕ್ಟರಿನ ಸಾಲ. ಕೆಲವು ಕೇಸುಗಳಲ್ಲಿ ಕೋರ್ಟುಗಳು ಕರುಣೆ ತೋರಿ, ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂದಿವೆ. ಎಲ್ಲರಿಗೂ ಅಂಥ ಆದೇಶ ಸಿಗುವುದಿಲ್ಲ.

ಟ್ರ್ಯಾಕ್ಟರ್ ಹಿಡಿದು ದಂಡ ಹಾಕಿ ಅಂತ ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ನಾಳೆ ಆ ಹೆಂಗಸರ ಕೂಲಿಯೇ ತಪ್ಪುತ್ತದೆ. ಆದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಂತ ಒಂದಿದೆ. ವರ್ಷಕ್ಕೆ 20 ರೂಪಾಯಿ. ಬ್ಯಾಂಕ್ ಖಾತೆ ಇರಬೇಕು, ವಯಸ್ಸು 18ರಿಂದ 70ರ ಒಳಗಿರಬೇಕು. ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈಯೋ ಕಾಲೋ ಪೂರ್ತಿ ಹೋದರೆ 1 ಲಕ್ಷ. ಯಾವ ಗಾಡಿಯಲ್ಲಿದ್ದಿರಿ, ಸೀಟು ಇತ್ತೋ ಇಲ್ಲವೋ ಅನ್ನುವುದು ಇಲ್ಲಿ ಅಡ್ಡ ಬರುವುದಿಲ್ಲ. ಮುರಿದ ಕೈ ಸೊಟ್ಟಗೆ ಕೂಡಿದರೆ ಇದೂ ಕೊಡುವುದಿಲ್ಲ, ನಿಜ. ಆದರೂ ಏನೂ ಇಲ್ಲದ್ದಕ್ಕಿಂತ ಜಾಸ್ತಿ. ಹಂಗಾಮು ಶುರುವಾಗುವ ಮೊದಲು ಸ್ವಸಹಾಯ ಸಂಘಗಳ ಮೂಲಕ, ರೈತ ಸಂಪರ್ಕ ಕೇಂದ್ರಗಳ ಮೂಲಕ ಊರೂರಿನ ಹೆಣ್ಣಾಳುಗಳನ್ನು ಇದಕ್ಕೆ ಸೇರಿಸುವುದು ಜಿಲ್ಲಾಡಳಿತ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಕೂಲಿ ಹೆಣ್ಣುಮಕ್ಕಳನ್ನು ಕರೆದೊಯ್ಯುವ ಕೃಷಿ ಟ್ರೇಲರುಗಳಿಗೆ ಕೈಗೆಟಕುವ ವಿಮೆ ಮಾಡಿ ಅಂತ ಸರ್ಕಾರಕ್ಕೆ, ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಮೂರೂ ಜಿಲ್ಲೆಗಳಿಂದ ಒಂದು ಪ್ರಸ್ತಾವವನ್ನೂ ಕಳಿಸಿ.

ಬೈಕಿನವರ ಕಥೆಯನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. 75ರಿಂದ 150 ಸಿಸಿ ಒಳಗಿನ ಬೈಕಿಗೆ ಥರ್ಡ್ ಪಾರ್ಟಿ ವಿಮೆ 2022ರಲ್ಲಿ ನಿಗದಿಯಾದ ದರದಂತೆ 714 ರೂಪಾಯಿ, ಜಿಎಸ್‌ಟಿ ಬೇರೆ. ಜನ ಇದನ್ನು ಪೊಲೀಸರಿಗೆ ತೋರಿಸಲು ಮಾಡಿಸುತ್ತಾರೆ. ಅದು ನಮ್ಮ ಬೈಕು ಬಡಿದ ಇನ್ನೊಬ್ಬರಿಗೆ, ನಮಗಲ್ಲ ಅಂತ ಗೊತ್ತಿಲ್ಲ. ಗಂಡ ಓಡಿಸುವಾಗ ಗುಂಡಿಗೆ ಬಿದ್ದು ಹಿಂದೆ ಕೂತ ಹೆಂಡತಿಗೆ ಪೆಟ್ಟಾದರೆ, ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಆಕೆಗೆ ಬರುವುದಿಲ್ಲ. ನಮ್ಮ ಗಾಡಿಗೂ ಸೇರಿಸಿ ಮಾಡಿಸುವ ಪ್ಯಾಕೇಜ್ ಪಾಲಿಸಿ ಇದ್ದರೆ ಬರುತ್ತದೆ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುವುದು ಲೈಸೆನ್ಸ್ ಇರುವ ಮಾಲೀಕನಿಗೆ; ಅಣ್ಣನ ಬೈಕು ತಮ್ಮ ಒಯ್ದರೆ ತಮ್ಮನಿಗಿಲ್ಲ. ಪಾಲಿಸಿ ಮುಗಿದ ಬೈಕು ಯಾರಿಗಾದರೂ ಬಡಿದರೆ ದಂಡ ದೊಡ್ಡದಲ್ಲ, ಪರಿಹಾರ ಪೂರ್ತಿ ಮಾಲೀಕನ ತಲೆ ಮೇಲೆ ಬರುವುದು ದೊಡ್ಡದು. ಲೈಸೆನ್ಸ್ ಕೊಡುವ ದಿನ ಆರ್‌ಟಿಒ ಕಚೇರಿಯಲ್ಲಿ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಕೊಟ್ಟರೆ ಸಾಕು.

ಈ ಮೂರು ಜಿಲ್ಲೆಗಳ ರಸ್ತೆ ಬಗ್ಗೆ ತಮಗೆ ನಾನು ಹೇಳಬೇಕಾಗಿಲ್ಲ. 2021ರ ಜನವರಿ 15ರಂದು ಧಾರವಾಡದ ಇಟಿಗಟ್ಟಿ ಹತ್ತಿರ ಬೈಪಾಸಿನಲ್ಲಿ ದಾವಣಗೆರೆಯ ಹೆಣ್ಣುಮಕ್ಕಳ ಟೆಂಪೊ ಟಿಪ್ಪರಿಗೆ ಬಡಿಯಿತು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್‌ನಲ್ಲಿ ಯಲ್ಲಮ್ಮನ ದರ್ಶನ ಮುಗಿಸಿ ಹೊರಟಿದ್ದವರ ಗಾಡಿ ನಿಂತ ಲಾರಿಗೆ ಬಡಿದು 13 ಜನ ತೀರಿಕೊಂಡರು. ಆಗ ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು. ದಿನಾ ಒಬ್ಬೊಬ್ಬರಾಗಿ ಸಾಯುವವರ ಮನೆಗೆ ಯಾರೂ ಬರುವುದಿಲ್ಲ. ಅವರಿಗೆ ಉಳಿದಿರುವುದು ಕಾನೂನು ಒಂದೇ.

ಹಾಗಾಗಿ ಕೇಳುತ್ತೇನೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ತಾವೇ ಅಧ್ಯಕ್ಷರು. ನಮೂನೆ 2 ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಪ್ರತಿ ಠಾಣೆಯಲ್ಲೂ ಇರುವಂತೆ ಮಾಡಿ. ಕೊಟ್ಟಿದ್ದಕ್ಕೆ ಗಾಯಾಳು ಅಥವಾ ಮನೆಯವರ ಸಹಿ ಕಡತದಲ್ಲಿರಲಿ. ಜಿಲ್ಲಾ ಆಸ್ಪತ್ರೆಗಳಲ್ಲಿ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಯಲ್ಲಿ, ಅಪಘಾತದವರನ್ನು ದಾಖಲು ಮಾಡುವ ಕಡೆ ಕಾನೂನು ಸೇವೆಗಳ ಪ್ರಾಧಿಕಾರದ ಸ್ವಯಂಸೇವಕರೊಬ್ಬರು ಕೂರಲಿ. 2025ರ ಮೇ ತಿಂಗಳಲ್ಲಿ ಶುರುವಾದ, ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಬಗ್ಗೆ ಅಲ್ಲೇ ಬೋರ್ಡು ಹಾಕಿ. ಪ್ರತಿ ತಾಲೂಕು ಕಚೇರಿಯಲ್ಲಿ ಗುರುತು ಸಿಗದ ಗಾಡಿ ಬಡಿದ (ಹಿಟ್ ಅಂಡ್ ರನ್) ಅರ್ಜಿ ತೆಗೆದುಕೊಳ್ಳುವವರು ಇಂಥವರು ಅಂತ ಹೆಸರು ಬರೆದು ಗೋಡೆಗೆ ಹಚ್ಚಿ.

ಮುಂದಿನ ಸಭೆಯಲ್ಲಿ ಎರಡು ಸಂಖ್ಯೆ ತರಿಸಿ. 2022ರ ಏಪ್ರಿಲ್‌ನಿಂದ ಈಚೆಗೆ ಗಾಡಿ ಸಿಗದೆ ಸಿ ರಿಪೋರ್ಟ್ ಆದ ಅಪಘಾತ ಎಷ್ಟು, ಅದರಲ್ಲಿ ತಮ್ಮ ಕಚೇರಿಯಿಂದ ಮಂಜೂರಾದ ಅರ್ಜಿ ಎಷ್ಟು. ಎರಡನ್ನೂ ಸಭೆಯ ನಡಾವಳಿಯಲ್ಲಿ ಬರೆಸಿ, ಜಿಲ್ಲೆಯ ವೆಬ್‌ಸೈಟಿನಲ್ಲಿ ಹಾಕಿಸಿ. ನಡುವಿನ ಅಂತರದಲ್ಲಿರುವ ಮನೆಗಳ ಪಟ್ಟಿ ತಹಶೀಲ್ದಾರರಿಗೆ ಹೋಗಲಿ, ಅವರನ್ನು ಕರೆಸಿ ಅರ್ಜಿ ಬರೆಸಿಕೊಳ್ಳಲಿ. ಬರೆಯುವವರು ಇಲ್ಲದಿದ್ದರೆ ನನ್ನ ಅಂಗಡಿಗೆ ಕಳಿಸಿ, ಇದೊಂದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ತಮ್ಮ ವಿಶ್ವಾಸಿ,
ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಯವನು,
ಗದಗ